ಮಾನಹಾನಿ ಮೊಕದ್ದಮೆಯಲ್ಲಿ ಯಾರು ಏನನ್ನು ರುಜುವಾತು ಮಾಡಬೇಕು?

2017ರ ಜೂನ್ 21ರಂದು ಕರ್ನಾಟಕ ವಿಧಾನಸಭೆ ಇಬ್ಬರು ಸಂಪಾದಕರಿಗೆ ತಲಾ ಒಂದು ವರ್ಷದ ಸೆರೆವಾಸ ಮತ್ತು ಹತ್ತು ಸಾವಿರ ರೂಪಾಯಿ ದಂಡ ವಿಧಿಸಿತು. ಒಬ್ಬರು ‘ಹಾಯ್ ಬೆಂಗಳೂರ್’ ವಾರಪತ್ರಿಕೆಯ ರವಿ ಬೆಳಗೆರೆ, ಇನ್ನೊಬ್ಬರು ‘ಯಲಹಂಕ ವಾಯ್ಸ್’ ಎಂಬ ಸ್ಥಳೀಯ ಪತ್ರಿಕೆಯ ಸಂಪಾದಕರು. ಶಾಸಕರ ಮಾನಕ್ಕೆ ಕುಂದು ತರುವಂಥ ಬರಹಗಳನ್ನು ಪ್ರಕಟಿಸಿದ್ದಾರೆ ಎಂಬುದು ಹಕ್ಕುಬಾಧ್ಯತಾ ಸಮಿತಿಯ ಮುಂದಿದ್ದ ದೂರು. ಸಂಪಾದಕರಿಬ್ಬರೂ ಹೈಕೋರ್ಟಿನ ಮೊರೆ ಹೋದರು. ಆ ದಿನಗಳಲ್ಲಿ ಅನೇಕರು ಕೇಳಿದ ಪ್ರಶ್ನೆ ಸರಳವಾಗಿತ್ತು: ಮಾನ ಹೋಗಿದ್ದರೆ ಎಲ್ಲರಂತೆ ಕೋರ್ಟಿಗೆ ಹೋಗಿ ಮಾನಹಾನಿ ಕೇಸು ಹಾಕಬಹುದಿತ್ತಲ್ಲ? ಪ್ರಶ್ನೆ ಸರಿಯಾದದ್ದೇ. ಆದರೆ ಕೋರ್ಟಿಗೆ ಹೋಗಿದ್ದರೆ ಶಾಸಕರು ಅಲ್ಲಿ ಏನನ್ನು ಸಾಬೀತುಪಡಿಸಬೇಕಾಗುತ್ತಿತ್ತು, ಸಂಪಾದಕರು ಏನನ್ನು ಸಾಬೀತುಪಡಿಸಬೇಕಾಗುತ್ತಿತ್ತು ಎಂದು ಯಾರನ್ನಾದರೂ ವಿಚಾರಿಸಿದರೆ ಬಹುತೇಕ ಸಿಗುವ ಉತ್ತರ ಒಂದೇ: ‘ಬರೆದದ್ದು ಸುಳ್ಳಾಗಿದ್ದರೆ ಶಿಕ್ಷೆ, ನಿಜವಾಗಿದ್ದರೆ ಬಿಡುಗಡೆ.’

ಈ ಉತ್ತರ ವಿಧಾನಸೌಧದ ಸುತ್ತಲಿನ ಚರ್ಚೆಗಷ್ಟೇ ಸೇರಿದ್ದಲ್ಲ. ಹೆಬ್ಬಾಳದ ಕೆರೆ ಒತ್ತುವರಿಯ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆಯುವವರು, ಆರ್.ಟಿ. ನಗರದ ನಿವಾಸಿಗಳ ಸಂಘದಲ್ಲಿ ಲೆಕ್ಕ ಕೇಳುವವರು, ಯಶವಂತಪುರದ ಮಾರುಕಟ್ಟೆಯಲ್ಲಿ ತೂಕದ ಮೋಸದ ಬಗ್ಗೆ ದನಿಯೆತ್ತುವವರು ಎಲ್ಲರೂ ಇದನ್ನೇ ನೆಚ್ಚಿಕೊಂಡಿರುತ್ತಾರೆ. ‘ನಾನು ಹೇಳಿದ್ದು ನಿಜ, ನನಗೇನು ಭಯ’ ಎಂಬುದು ಒಂದು ಕಡೆಯ ಧೈರ್ಯ. ‘ಸುಳ್ಳು ಹೇಳಿದ್ದಾನೆ, ಒಳಗೆ ಹಾಕಿಸುತ್ತೇನೆ’ ಎಂಬುದು ಇನ್ನೊಂದು ಕಡೆಯ ಬೆದರಿಕೆ. ಇಬ್ಬರ ಊಹೆಯೂ ಒಂದೇ. ಮಾನಹಾನಿ ಮೊಕದ್ದಮೆಯೆಂದರೆ ಸತ್ಯವೋ ಸುಳ್ಳೋ ಎಂಬ ಒಂದೇ ಪ್ರಶ್ನೆಯ ಪರೀಕ್ಷೆ ಎಂದು ಇಬ್ಬರೂ ನಂಬಿದ್ದಾರೆ.

ಈ ನಂಬಿಕೆಯನ್ನು ತಳ್ಳಿಹಾಕುವ ಮೊದಲು ಅದರಲ್ಲಿರುವ ನ್ಯಾಯವನ್ನು ಒಪ್ಪಿಕೊಳ್ಳಬೇಕು. ನಿಜ ಹೇಳಿದವರನ್ನು ಶಿಕ್ಷಿಸಬಾರದು ಎಂಬುದು ಯಾವ ಸಮಾಜದಲ್ಲೂ ಸಹಜವಾದ ಎಣಿಕೆ. ಸಿವಿಲ್ ಕಾನೂನು ಬಹುಮಟ್ಟಿಗೆ ಅದನ್ನೇ ಹೇಳುತ್ತದೆ. ಪರಿಹಾರ ಕೋರಿ ಹೂಡುವ ಸಿವಿಲ್ ದಾವೆಯಲ್ಲಿ ಹೇಳಿದ ಮಾತು ನಿಜವೆಂದು ತೋರಿಸಿದರೆ ಅದು ಪೂರ್ತಿ ರಕ್ಷಣೆ. 2011ರಲ್ಲಿ ಸುದ್ದಿವಾಹಿನಿಯೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ ನೈಸ್ ಸಂಸ್ಥೆಯ ಬಗ್ಗೆ ಆಡಿದ ಮಾತುಗಳಿಗಾಗಿ ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು ಎರಡು ಕೋಟಿ ರೂಪಾಯಿ ಪರಿಹಾರ ಕೊಡಬೇಕೆಂದು ಬೆಂಗಳೂರಿನ ಸಿವಿಲ್ ನ್ಯಾಯಾಲಯ 2021ರ ಜೂನ್‌ನಲ್ಲಿ ಆದೇಶಿಸಿತು. ಆ ಆದೇಶಕ್ಕೆ ಬಳಿಕ ಹೈಕೋರ್ಟ್ ತಡೆ ನೀಡಿತು. ಅದು ಹಣದ ಪರಿಹಾರದ ವ್ಯಾಜ್ಯ. ಅಲ್ಲಿ ಯಾರೂ ಜೈಲಿಗೆ ಹೋಗುವ ಮಾತಿಲ್ಲ. ಕ್ರಿಮಿನಲ್ ಮಾನಹಾನಿಯ ದಾರಿ ಬೇರೆ, ಅದರ ಮೆಟ್ಟಿಲುಗಳೂ ಬೇರೆ. ಜನರ ಮನಸ್ಸಿನಲ್ಲಿ ಈ ಎರಡೂ ಕಲೆತುಹೋಗಿರುವುದರಿಂದಲೇ ಗೊಂದಲ ಹುಟ್ಟಿದೆ.

1860ರ ಭಾರತೀಯ ದಂಡಸಂಹಿತೆಯ 499 ಮತ್ತು 500ನೇ ಸೆಕ್ಷನ್‌ಗಳು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಆಗಿವೆ. ಶಿಕ್ಷೆ ಮೊದಲಿನಂತೆಯೇ ಎರಡು ವರ್ಷದವರೆಗಿನ ಸಾದಾ ಸಜೆ ಅಥವಾ ದಂಡ ಅಥವಾ ಎರಡೂ. ಹೊಸದಾಗಿ ಸಮುದಾಯ ಸೇವೆಯನ್ನೂ ವಿಧಿಸಬಹುದು. ಅಪರಾಧದ ವ್ಯಾಖ್ಯೆ ಬದಲಾಗಿಲ್ಲ. ಒಬ್ಬ ವ್ಯಕ್ತಿಯ ಬಗ್ಗೆ ಮಾತಿನಿಂದ, ಬರಹದಿಂದ, ಸಂಜ್ಞೆಯಿಂದ ಅಥವಾ ಚಿತ್ರದಿಂದ ಆರೋಪವೊಂದನ್ನು ಹೊರಿಸಿ ಪ್ರಚುರಪಡಿಸುವುದು, ಅದರಿಂದ ಅವರ ಕೀರ್ತಿಗೆ ಹಾನಿಯಾಗಲಿ ಎಂಬ ಉದ್ದೇಶವಿರುವುದು, ಅಥವಾ ಹಾನಿಯಾಗುತ್ತದೆಂದು ತಿಳಿದಿರುವುದು, ಅಥವಾ ಹಾಗೆ ನಂಬಲು ಕಾರಣವಿರುವುದು ಇದರ ತಿರುಳು. ಈ ವ್ಯಾಖ್ಯೆಯನ್ನು ಎಷ್ಟು ಸಲ ಓದಿದರೂ ‘ಸುಳ್ಳು’ ಎಂಬ ಪದ ಅದರಲ್ಲಿ ಸಿಗುವುದಿಲ್ಲ. ಸತ್ಯದ ಮಾತು ಬರುವುದು ಆಮೇಲೆ, ವಿನಾಯಿತಿಗಳ ಪಟ್ಟಿಯಲ್ಲಿ. ಅಲ್ಲಿಯೂ ಅದು ಒಂಟಿಯಾಗಿ ಬರುವುದಿಲ್ಲ.

ಹಾಗಾದರೆ ದೂರುದಾರರು ತೋರಿಸಬೇಕಾದದ್ದೇನು? ತರ್ಕಕ್ಕಾಗಿ ಒಂದು ಸಣ್ಣ ಪ್ರಸಂಗವನ್ನು ಇಟ್ಟುಕೊಳ್ಳಬಹುದು. ಯಲಹಂಕ ಉಪನಗರದ ಅಪಾರ್ಟ್‌ಮೆಂಟೊಂದರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿವಾಸಿಯೊಬ್ಬರು ‘ಖಜಾಂಚಿ ಮೇಂಟೆನೆನ್ಸ್ ದುಡ್ಡಿನಲ್ಲಿ ಎರಡು ಲಕ್ಷ ನುಂಗಿದ್ದಾರೆ’ ಎಂದು ಬರೆದರು ಎಂದಿಟ್ಟುಕೊಳ್ಳೋಣ. ಖಜಾಂಚಿ ಕೇಸು ಹಾಕಲು ಹೊರಟರೆ ಅವರ ಹೆಗಲ ಮೇಲಿರುವ ಹೊರೆ ಇಷ್ಟು:

1. ಅದು ಆರೋಪವೇ ಆಗಿರಬೇಕು. ‘ಅಯೋಗ್ಯ’, ‘ನಾಚಿಕೆಗೆಟ್ಟವನು’ ಎಂಬ ಬೈಗುಳ ಎಷ್ಟೇ ಕಟುವಾಗಿದ್ದರೂ ಹೆಚ್ಚಿನ ಸಲ ಅದು ಬೈಗುಳವೇ. ಉದ್ದೇಶಪೂರ್ವಕ ಅವಮಾನಕ್ಕೆ ಕಾನೂನಿನಲ್ಲಿ ಬೇರೆ ಸೆಕ್ಷನ್ ಇದೆ. ‘ಎರಡು ಲಕ್ಷ ನುಂಗಿದ್ದಾರೆ’ ಎಂಬುದಾದರೆ ನಿರ್ದಿಷ್ಟ ಕೃತ್ಯವನ್ನು ಒಬ್ಬರ ತಲೆಗೆ ಕಟ್ಟುತ್ತದೆ.

2. ಆ ಮಾತು ಮೂರನೆಯವರಿಗೆ ತಲುಪಿರಬೇಕು. ಖಜಾಂಚಿಗೆ ಮಾತ್ರ ಖಾಸಗಿಯಾಗಿ ಕಳಿಸಿದ ಸಂದೇಶದಿಂದ ಈ ಅಪರಾಧ ಆಗುವುದಿಲ್ಲ. ಗುಂಪಿಗೆ ಹಾಕಿದರೆ ಆಗಬಹುದು.

3. ಆ ಮಾತು ಯಾರ ಬಗ್ಗೆ ಎಂಬುದು ಓದಿದವರಿಗೆ ತಿಳಿಯುವಂತಿರಬೇಕು. ಹೆಸರು ಬೇಕೆಂದಿಲ್ಲ, ‘ಖಜಾಂಚಿ’ ಎಂದರೆ ಸಾಕು. ಆದರೆ ‘ನಮ್ಮ ಅಸೋಸಿಯೇಷನ್‌ನವರೆಲ್ಲ ಕಳ್ಳರು’ ಎಂದರೆ ಕಥೆ ಬೇರೆಯಾಗುತ್ತದೆ.

4. ಹೇಳಿದವರ ಮನಸ್ಸಿನ ಸ್ಥಿತಿ, ಅಂದರೆ ಉದ್ದೇಶ ಅಥವಾ ಅರಿವು ಅಥವಾ ನಂಬಲು ಕಾರಣ, ಇವುಗಳಲ್ಲಿ ಒಂದಾದರೂ ಕಾಣಬೇಕು.

5. ಆ ಮಾತು ಇತರರ ಎಣಿಕೆಯಲ್ಲಿ ಖಜಾಂಚಿಯ ನಡತೆ, ವೃತ್ತಿ, ಜಾತಿ ಅಥವಾ ಸಾಲಕ್ಕೆ ಅರ್ಹರೆಂಬ ವಿಶ್ವಾಸವನ್ನು ತಗ್ಗಿಸುವಂಥದ್ದಾಗಿರಬೇಕು. 356ನೇ ಸೆಕ್ಷನ್ನಿನ ನಾಲ್ಕನೇ ವಿವರಣೆ ಹೇಳುವುದು ಇದನ್ನೇ.

ಮೂರನೆಯ ಅಂಶದ ತೊಡಕನ್ನು ನೋಡಬೇಕೆಂದರೆ ಬೆಂಗಳೂರಿಗೆ ಹತ್ತಿರದಲ್ಲೇ ಉದಾಹರಣೆಯಿದೆ. 2019ರ ಏಪ್ರಿಲ್ 13ರಂದು ಕೋಲಾರದ ಚುನಾವಣಾ ಸಭೆಯಲ್ಲಿ ರಾಹುಲ್ ಗಾಂಧಿ ‘ಮೋದಿ’ ಎಂಬ ಉಪನಾಮವನ್ನು ಕಳ್ಳರೊಂದಿಗೆ ತಳಕುಹಾಕಿ ಆಡಿದ ಮಾತಿಗೆ ಗುಜರಾತಿನ ಶಾಸಕ ಪೂರ್ಣೇಶ್ ಮೋದಿ ಸೂರತ್‌ನಲ್ಲಿ ದೂರು ಕೊಟ್ಟರು. 2023ರ ಮಾರ್ಚ್ 23ರಂದು ಅಲ್ಲಿನ ಮ್ಯಾಜಿಸ್ಟ್ರೇಟ್ ಗರಿಷ್ಠ ಶಿಕ್ಷೆಯಾದ ಎರಡು ವರ್ಷದ ಸಜೆ ವಿಧಿಸಿದರು. ಲೋಕಸಭಾ ಸದಸ್ಯತ್ವ ಹೋಯಿತು. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್, ಗರಿಷ್ಠ ಶಿಕ್ಷೆಗೆ ಕಾರಣವನ್ನೇ ಕೊಟ್ಟಿಲ್ಲವೆಂದು ಹೇಳಿ ದೋಷನಿರ್ಣಯಕ್ಕೆ ತಡೆ ನೀಡಿತು. ಒಂದು ಉಪನಾಮ ಹೊತ್ತವರೆಲ್ಲರೂ ಗುರುತಿಸಬಹುದಾದ ಸಮೂಹ ಆಗುತ್ತಾರೆಯೇ ಎಂಬ ಮೂಲಪ್ರಶ್ನೆಯನ್ನು ಆ ತಡೆಯಾಜ್ಞೆ ಅಂತಿಮವಾಗಿ ಬಗೆಹರಿಸಲಿಲ್ಲ. ಆದರೆ ‘ದಿ ಹಿಂದೂ’ ಪತ್ರಿಕೆಗೆ ಸಂಬಂಧಿಸಿದ ಜಿ. ನರಸಿಂಹನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1972ರಲ್ಲೇ ದಾರಿ ತೋರಿಸಿತ್ತು. 1971ರ ಜನವರಿಯಲ್ಲಿ ಸೇಲಂನಲ್ಲಿ ನಡೆದ ದ್ರಾವಿಡ ಕಳಗಂ ಸಮಾವೇಶದ ವರದಿಗೆ ಸಂಬಂಧಿಸಿದ ಆ ವ್ಯಾಜ್ಯದಲ್ಲಿ, ಸಮೂಹವೊಂದು ದೂರಬೇಕಾದರೆ ಅದರ ಎಲ್ಲೆ ಸ್ಪಷ್ಟವಾಗಿರಬೇಕು, ಅದರಲ್ಲಿ ಯಾರಿದ್ದಾರೆ ಯಾರಿಲ್ಲ ಎಂದು ಹೇಳುವಂತಿರಬೇಕು ಎಂದು ಕೋರ್ಟ್ ಹೇಳಿತು. ‘ನೊಂದ ವ್ಯಕ್ತಿ’ ಮಾತ್ರ ದೂರು ಕೊಡಬಹುದು ಎಂಬ ನಿಯಮದ ಹಿಂದಿರುವ ತರ್ಕವೂ ಇದೇ. ನಟಿ ಖುಷ್ಬೂ ಅವರ ಒಂದು ಸಂದರ್ಶನದ ವಿರುದ್ಧ ದಾಖಲಾಗಿದ್ದ 23 ದೂರುಗಳನ್ನು ಸುಪ್ರೀಂ ಕೋರ್ಟ್ 2010ರಲ್ಲಿ ಒಟ್ಟಿಗೆ ರದ್ದುಪಡಿಸಿದಾಗಲೂ, ದೂರಿದವರಲ್ಲಿ ಯಾರೂ ಕಾನೂನಿನ ಅರ್ಥದಲ್ಲಿ ನೊಂದವರಲ್ಲ ಎಂಬುದು ಮುಖ್ಯ ಕಾರಣವಾಗಿತ್ತು.

ಐದನೆಯ ಅಂಶವೇ ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವಂಥದ್ದು. ‘ನನಗೆ ನೋವಾಯಿತು’ ಎಂಬುದೇ ಮಾನಹಾನಿಯ ಪುರಾವೆ ಎಂದು ದೂರುದಾರರು ಭಾವಿಸುತ್ತಾರೆ. ಕೆಳಹಂತದ ಎಷ್ಟೋ ಆದೇಶಗಳೂ ಹಾಗೆಯೇ ಓದಿಸಿಕೊಳ್ಳುತ್ತವೆ. ಕೀರ್ತಿ ಇರುವುದು ಇತರರ ಮನಸ್ಸಿನಲ್ಲಿ. ಅದು ತಗ್ಗಿತು ಎನ್ನಬೇಕಾದರೆ ಆ ಇತರರು ಎಲ್ಲಾದರೂ ಕಾಣಿಸಬೇಕಲ್ಲ? ಈ ಪ್ರಶ್ನೆಯನ್ನು ನೇರವಾಗಿ ಎತ್ತಿದ್ದು ಬೆಂಗಳೂರಿನದೇ ಒಂದು ಪ್ರಕರಣ. 2014ರಲ್ಲಿ ನಗರದ ಬಿಡ್ ಆ್ಯಂಡ್ ಹ್ಯಾಮರ್ ಎಂಬ ಹರಾಜು ಸಂಸ್ಥೆ ಮಾರಾಟಕ್ಕಿಟ್ಟಿದ್ದ ಕಲಾಕೃತಿಗಳ ಅಸಲಿತನವನ್ನು ಪ್ರಶ್ನಿಸಿ ಟೈಮ್ಸ್ ಸಮೂಹದ ಪತ್ರಿಕೆಗಳಲ್ಲಿ ವರದಿಗಳು ಬಂದವು. ಸಂಸ್ಥೆ ಬೆಂಗಳೂರಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಖಾಸಗಿ ದೂರು ದಾಖಲಿಸಿತು. 2016ರಲ್ಲಿ ಸಮನ್ಸ್ ಹೊರಟಿತು. ರದ್ದುಪಡಿಸಲು 2024ರಲ್ಲಿ ಹೈಕೋರ್ಟ್ ಒಪ್ಪಲಿಲ್ಲ. 2025ರ ಫೆಬ್ರುವರಿ 18ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಜೆ.ಬಿ. ಪರ್ದೀವಾಲಾ ಮತ್ತು ಆರ್. ಮಹದೇವನ್ ಇಡೀ ಪ್ರಕರಣವನ್ನು ರದ್ದುಗೊಳಿಸಿದರು. ಕಾರಣಗಳಲ್ಲಿ ಒಂದು ತೀರ ಮೂಲಭೂತವಾದದ್ದು: ವರದಿಗಳಿಂದ ಇತರರ ಕಣ್ಣಲ್ಲಿ ಸಂಸ್ಥೆಯ ಹೆಸರು ಕೆಟ್ಟಿತು ಎಂದು ಹೇಳುವ ಒಬ್ಬ ಸಾಕ್ಷಿಯನ್ನೂ ದೂರುದಾರರು ಹಾಜರುಪಡಿಸಿರಲಿಲ್ಲ. ಹರಾಜು ನಡೆದುಹೋಗಿತ್ತು. ವರದಿಗಳಿಂದ ಅದಕ್ಕೆ ಪೆಟ್ಟು ಬಿತ್ತೆಂದು ತೋರಿಸುವ ಸಾಮಗ್ರಿಯೂ ಇರಲಿಲ್ಲ. ಸಂಪಾದಕೀಯ ನಿರ್ದೇಶಕರ ವಿರುದ್ಧ ಅವರ ಪಾತ್ರವೇನೆಂಬ ನಿರ್ದಿಷ್ಟ ಆರೋಪವಿರಲಿಲ್ಲ. ಆರೋಪಿಗಳು ನ್ಯಾಯಾಲಯದ ವ್ಯಾಪ್ತಿಯ ಹೊರಗೆ ನೆಲೆಸಿದವರಾದಾಗ ಸಮನ್ಸ್‌ಗೆ ಮೊದಲು ನಡೆಸಲೇಬೇಕಾದ ವಿಚಾರಣೆಯೂ ಸರಿಯಾಗಿ ನಡೆದಿರಲಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಆ ಕಲಾಕೃತಿಗಳು ಅಸಲಿಯೋ ನಕಲಿಯೋ ಎಂಬುದನ್ನು ಯಾವ ನ್ಯಾಯಾಲಯವೂ ತೀರ್ಮಾನಿಸಲಿಲ್ಲ, ತೀರ್ಮಾನಿಸುವ ಅಗತ್ಯವೂ ಬೀಳಲಿಲ್ಲ. ಸತ್ಯಾಸತ್ಯದ ಪ್ರಶ್ನೆ ಹುಟ್ಟುವ ಮೊದಲೇ ಕೇಸು ಮುಗಿಯಿತು. ಆದರೆ ಹಾಗೆ ಮುಗಿಯಲು ಹತ್ತು ವರ್ಷ ಹಿಡಿಯಿತು.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ನಿಜವಾಗಿ ಹಾನಿಯಾಗಿದೆ ಎಂದು ಸಾಬೀತುಪಡಿಸುವ ಅಗತ್ಯವಿಲ್ಲ ಎಂದು ಸುಪ್ರೀಂ ಕೋರ್ಟೇ 2001ರ ಜಾನ್ ಥಾಮಸ್ ಪ್ರಕರಣದಲ್ಲಿ ಹೇಳಿದೆ. ಮದರಾಸಿನ ಆಸ್ಪತ್ರೆಯೊಂದರ ಬಗ್ಗೆ ಬಂದ ವರದಿಗೆ ಸಂಬಂಧಿಸಿದ ಆ ತೀರ್ಪಿನ ಪ್ರಕಾರ, ಹಾನಿಯ ಉದ್ದೇಶ ಅಥವಾ ಅರಿವು ಅಥವಾ ನಂಬಲು ಕಾರಣವಿದ್ದರೆ ಸಾಕು. ಹಾಗಿದ್ದ ಮೇಲೆ ಸಾಕ್ಷಿಯನ್ನು ಏಕೆ ಕೇಳಬೇಕು? ಎರಡೂ ತೀರ್ಪುಗಳನ್ನು ಎದುರುಬದುರು ಇಟ್ಟರೆ ಎಳೆದಾಟ ಕಾಣುವುದು ನಿಜ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಎರಡನ್ನೂ ಹೊಂದಿಸುವ ಓದು ಇದೆ. ದೂರುದಾರರು ಕೆಲಸ ಕಳೆದುಕೊಂಡರು, ಗಿರಾಕಿ ಕಳೆದುಕೊಂಡರು ಎಂಬ ಲೆಕ್ಕ ಒಪ್ಪಿಸಬೇಕಿಲ್ಲ, ನಷ್ಟದ ಅಳತೆ ಸಿವಿಲ್ ಕೋರ್ಟಿನ ಕೆಲಸ. ಆದರೆ ಆ ಮಾತನ್ನು ಓದಿದ ಅಥವಾ ಕೇಳಿದ ಸಾಮಾನ್ಯ ವ್ಯಕ್ತಿ ಅದನ್ನು ಹೇಗೆ ಅರ್ಥಮಾಡಿಕೊಂಡ, ಅದು ಆ ವಲಯದಲ್ಲಿ ಹೆಸರನ್ನು ತಗ್ಗಿಸಬಲ್ಲದ್ದೇ ಎಂಬುದಕ್ಕೆ ಏನಾದರೂ ಸಾಮಗ್ರಿ ಬೇಕು. ಖಜಾಂಚಿಯ ಪ್ರಸಂಗದಲ್ಲಿ ಗುಂಪಿನ ಇಬ್ಬರು ಸದಸ್ಯರು ಬಂದು ‘ನಾವು ಆ ಸಂದೇಶ ಓದಿದೆವು, ಇವರು ದುಡ್ಡು ಹೊಡೆದಿದ್ದಾರೆ ಎಂದೇ ತಿಳಿದೆವು’ ಎಂದರೆ ಸಾಕಾಗಬಹುದು. ಇದು ಭಾರವಾದ ಹೊರೆಯಲ್ಲ. ಸುಳ್ಳು ಅಪವಾದಕ್ಕೆ ಗುರಿಯಾದ ಬಡ ಹೆಣ್ಣುಮಗಳಿಗೆ, ಕೂಲಿಯವರಿಗೆ ಸಾಕ್ಷಿ ತರುವುದು ಕಷ್ಟ ಎಂಬ ವಾದಕ್ಕೂ ಇದೇ ಉತ್ತರ. ಅವರ ಬೀದಿಯಲ್ಲಿ ಆ ಮಾತನ್ನು ಕೇಳಿಸಿಕೊಂಡವರು ಇದ್ದೇ ಇರುತ್ತಾರೆ. ಯಾರೂ ಕೇಳಿಸಿಕೊಂಡಿಲ್ಲವೆಂದಾದರೆ, ಆ ನೋವು ಎಷ್ಟೇ ನಿಜವಾಗಿದ್ದರೂ ಈ ಸೆಕ್ಷನ್ ಅದಕ್ಕೆ ಸರಿಯಾದ ಮದ್ದಲ್ಲ.

ಇಷ್ಟನ್ನು ದೂರುದಾರರು ಸಂಶಯಾತೀತವಾಗಿ ತೋರಿಸಿದ ಮೇಲೆ ಹೊರೆ ಇನ್ನೊಬ್ಬರ ಹೆಗಲಿಗೆ ಹೋಗುತ್ತದೆ. ‘ನಿಜ ಹೇಳಿದವನಿಗೆ ಭಯವಿಲ್ಲ’ ಎಂಬ ನಂಬಿಕೆ ಮುರಿದು ಬೀಳುವುದು ಇಲ್ಲಿ. ಸೆಕ್ಷನ್ನಿಗೆ ಹತ್ತು ವಿನಾಯಿತಿಗಳಿವೆ. ಮೊದಲನೆಯದು ಸತ್ಯದ್ದು, ಆದರೆ ಅದಕ್ಕೆ ಎರಡು ಕಾಲುಗಳು: ಹೇಳಿದ್ದು ನಿಜವಾಗಿರಬೇಕು, ಮತ್ತು ಅದನ್ನು ಪ್ರಕಟಿಸಿದ್ದು ಸಾರ್ವಜನಿಕ ಹಿತಕ್ಕಾಗಿರಬೇಕು. ಎರಡನ್ನೂ ತೋರಿಸಬೇಕಾದವರು ಆರೋಪಿ. ಆರ್.ಟಿ. ನಗರದ ಬಾಡಿಗೆದಾರರೊಬ್ಬರಿಗೆ ಹಿಂದೊಮ್ಮೆ ಕ್ಷಯರೋಗ ಬಂದಿತ್ತು ಎಂಬುದನ್ನು ಮನೆಮಾಲೀಕರು ಬೀದಿಗೆಲ್ಲ ಸಾರಿದರೆ ಅದು ನಿಜವೇ ಆಗಿರಬಹುದು. ಸಾರ್ವಜನಿಕ ಹಿತ ಎಲ್ಲಿದೆ? ಸಿವಿಲ್ ದಾವೆಯಲ್ಲಿ ಮಾಲೀಕರು ಬಚಾವಾಗಬಹುದು, ಕ್ರಿಮಿನಲ್ ಕೋರ್ಟಿನಲ್ಲಿ ಸಿಕ್ಕಿಬೀಳಬಹುದು. ಈ ಉದಾಹರಣೆಯನ್ನು ನೋಡಿದರೆ ಎರಡನೆಯ ಕಾಲು ಅರ್ಥಹೀನವಲ್ಲ ಎಂದೇ ಅನ್ನಿಸುತ್ತದೆ.

ಈ ಹೊರೆ ಎಷ್ಟು ಭಾರವಾಗಬಲ್ಲದು ಎಂಬುದಕ್ಕೆ ಕನ್ನಡ ಪತ್ರಿಕೋದ್ಯಮ ಮರೆಯಲಾಗದ ಪ್ರಕರಣ ಗೌರಿ ಲಂಕೇಶರದ್ದು. ‘ಗೌರಿ ಲಂಕೇಶ್ ಪತ್ರಿಕೆ’ಯಲ್ಲಿ 2008ರ ಜನವರಿಯಲ್ಲಿ ಪ್ರಕಟವಾದ ವರದಿಯೊಂದರಲ್ಲಿ ಕೆಲವು ಬಿಜೆಪಿ ನಾಯಕರು ಆಭರಣ ವ್ಯಾಪಾರಿಗೆ ವಂಚಿಸಿದರೆಂಬ ಆರೋಪವಿತ್ತು. ಸಂಸದ ಪ್ರಲ್ಹಾದ್ ಜೋಶಿ ಮತ್ತು ಪಕ್ಷದ ಉಮೇಶ್ ದುಶಿ ಬೇರೆ ಬೇರೆ ದೂರು ದಾಖಲಿಸಿದರು. 2016ರ ನವೆಂಬರ್ 27ರಂದು ಹುಬ್ಬಳ್ಳಿಯ ಜೆಎಂಎಫ್‌ಸಿ ನ್ಯಾಯಾಲಯ ಗೌರಿ ಅವರನ್ನು ತಪ್ಪಿತಸ್ಥೆಯೆಂದು ತೀರ್ಮಾನಿಸಿ ಆರು ತಿಂಗಳ ಸಜೆ ಮತ್ತು ದಂಡ ವಿಧಿಸಿತು. ಮೇಲ್ಮನವಿಗಾಗಿ ಅವರಿಗೆ ಜಾಮೀನು ಸಿಕ್ಕಿತು. ವರದಿಯ ಆರೋಪವನ್ನು ಬೆಂಬಲಿಸುವ ಪುರಾವೆಯನ್ನು ಅವರು ಒದಗಿಸಲಿಲ್ಲ ಎಂಬುದು ತೀರ್ಪಿನ ಆಧಾರ. 2017ರ ಸೆಪ್ಟೆಂಬರ್ 5ರಂದು ಅವರ ಹತ್ಯೆಯಾಯಿತು. ಈ ತೀರ್ಪನ್ನು ‘ವರದಿ ಸುಳ್ಳೆಂದು ಕೋರ್ಟ್ ಹೇಳಿತು’ ಎಂದು ಒಂದು ಬಳಗ ಸಂಭ್ರಮಿಸಿತು, ‘ಸತ್ಯಕ್ಕೆ ಶಿಕ್ಷೆ’ ಎಂದು ಇನ್ನೊಂದು ಬಳಗ ಮರುಗಿತು. ಎರಡೂ ಓದುಗಳು ಕಾನೂನಿನ ರಚನೆಯನ್ನು ತಪ್ಪಿಸಿಕೊಂಡಿವೆ. ವರದಿ ಸುಳ್ಳೆಂದು ದೂರುದಾರರು ಸಾಬೀತುಪಡಿಸಬೇಕಿರಲಿಲ್ಲ. ಅದು ನಿಜವೆಂದು ಅಥವಾ ಎಚ್ಚರಿಕೆಯಿಂದ ಪರಿಶೀಲಿಸಿ ಬರೆದದ್ದೆಂದು ತೋರಿಸುವ ಹೊಣೆ ಸಂಪಾದಕಿಯದಾಗಿತ್ತು. ಎಂಟು ವರ್ಷಗಳ ಬಳಿಕ, ಸುದ್ದಿಮೂಲಗಳನ್ನು ಸಾಕ್ಷಿಕಟ್ಟೆಗೆ ಕರೆತರಲಾಗದ ಸಣ್ಣ ಪತ್ರಿಕೆಯೊಂದಕ್ಕೆ ಆ ಹೊಣೆ ಎಂಥದ್ದು ಎಂದು ಯೋಚಿಸಿದರೆ, ಕಾನೂನಿನ ಈ ಭಾಗ ಎಷ್ಟು ಒರಟು ಎಂಬುದು ತಿಳಿಯುತ್ತದೆ.

ಒರಟನ್ನು ಸ್ವಲ್ಪ ಮೆದುಗೊಳಿಸುವ ದಾರಿಯನ್ನು ಸುಪ್ರೀಂ ಕೋರ್ಟ್ 1965ರಲ್ಲೇ ತೋರಿಸಿಕೊಟ್ಟಿತ್ತು. ಪಂಜಾಬಿನ ಅಂದಿನ ಮುಖ್ಯಮಂತ್ರಿ ಪ್ರತಾಪ್ ಸಿಂಗ್ ಕೈರೋನ್ ಅವರ ಮಗನ ಮೇಲೆ ಕಳ್ಳಸಾಗಣೆಯ ಆರೋಪ ಹೊರಿಸಿದ್ದ ಹರ್ಭಜನ್ ಸಿಂಗ್ ಕೆಳ ನ್ಯಾಯಾಲಯಗಳಲ್ಲಿ ತಪ್ಪಿತಸ್ಥರಾಗಿದ್ದರು. ಮುಖ್ಯ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ನೇತೃತ್ವದ ಪೀಠ ಅವರನ್ನು ಬಿಡುಗಡೆ ಮಾಡಿತು. ಅಲ್ಲಿ ಸ್ಪಷ್ಟವಾದ ಸಂಗತಿಗಳು ಎರಡು. ಒಂದು, ವಿನಾಯಿತಿಯನ್ನು ತೋರಿಸುವ ಆರೋಪಿಯ ಹೊಣೆ ಸಂಶಯಾತೀತ ರುಜುವಾತಿನಷ್ಟು ಕಠಿಣವಲ್ಲ. ಹೀಗಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು. ಇನ್ನೊಂದು, ಸದ್ಭಾವನೆಗೆ ಸಂಬಂಧಿಸಿದ ಒಂಬತ್ತನೇ ವಿನಾಯಿತಿಯಡಿ ಹೇಳಿದ್ದು ಅಕ್ಷರಶಃ ನಿಜವೆಂದು ಸಾಬೀತಾಗಬೇಕಿಲ್ಲ. ಆರೋಪಿ ತಕ್ಕ ಎಚ್ಚರ ವಹಿಸಿದ್ದರೆ, ನಂಬಲು ಆಧಾರವಿದ್ದರೆ, ಸಾರ್ವಜನಿಕ ಹಿತಕ್ಕಾಗಿ ಹೇಳಿದ್ದರೆ ಬಿಡುಗಡೆ ಸಾಧ್ಯ. ಅಂದರೆ ನಿಜ ಹೇಳಿಯೂ ಶಿಕ್ಷೆಯಾಗಬಹುದು, ನಿಜವೆಂದು ಸಾಬೀತಾಗದೆಯೂ ಬಿಡುಗಡೆಯಾಗಬಹುದು. ಜನಪ್ರಿಯ ನಂಬಿಕೆಯ ಎರಡೂ ಅರ್ಧಗಳು ಇಲ್ಲಿಗೆ ಉಳಿಯಲಿಲ್ಲ. ಯಲಹಂಕದ ಆ ನಿವಾಸಿಯ ವಿಷಯಕ್ಕೆ ಬಂದರೆ, ‘ಎರಡು ಲಕ್ಷ’ ಎಂಬ ಮೊತ್ತ ಕೊನೆಗೆ ತಪ್ಪಾಗಿದ್ದರೂ ಅವರು ಬರೆಯುವ ಮೊದಲು ಲೆಕ್ಕಪತ್ರ ಕೇಳಿದ್ದರೇ, ಬ್ಯಾಂಕಿನ ವಿವರ ನೋಡಿದ್ದರೇ, ಸಂಘದ ಸಭೆಯಲ್ಲಿ ಪ್ರಶ್ನಿಸಿ ಉತ್ತರ ಸಿಗದೆ ಹೋಗಿತ್ತೇ ಎಂಬುದು ಅವರ ಭವಿಷ್ಯವನ್ನು ನಿರ್ಧರಿಸುತ್ತದೆ.

ಈಗ ಎಲ್ಲಕ್ಕಿಂತ ದೊಡ್ಡ ಆಕ್ಷೇಪ. ಅಪರಾಧ ಕಾನೂನಿನಲ್ಲಿ ಆರೋಪಿ ನಿರ್ದೋಷಿಯೆಂದೇ ಹೊರಡಬೇಕಲ್ಲ, ಇಲ್ಲಿ ಮಾತ್ರ ಆರೋಪಿಯೇ ತನ್ನನ್ನು ತಾನು ಪಾರುಮಾಡಿಕೊಳ್ಳಬೇಕೆಂದರೆ ಇಡೀ ಸೆಕ್ಷನ್ನೇ ಅನ್ಯಾಯವಲ್ಲವೇ? ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದಿದ್ದ ವಾದಗಳಲ್ಲಿ ಇದೂ ಒಂದು. 2016ರ ಮೇ 13ರ ತೀರ್ಪು ಕೀರ್ತಿಯನ್ನು ಬದುಕುವ ಹಕ್ಕಿನ ಭಾಗವೆಂದು ಪರಿಗಣಿಸಿ ಕಾನೂನನ್ನು ಎತ್ತಿಹಿಡಿಯಿತು. ಅದನ್ನು ಒಪ್ಪದವರ ಅಳಲು ಅರ್ಥವಾಗುವಂಥದ್ದು. ಮಾತಿನ ತಪ್ಪಿಗೆ ಜೈಲು ಬೇಡ, ಸಿವಿಲ್ ಪರಿಹಾರವೇ ಸಾಕು ಎಂಬ ವಾದದಲ್ಲಿ ಬಲವಿದೆ. ಆದರೆ ಸೆಕ್ಷನ್ ಇರುವಷ್ಟು ದಿನ ಅದನ್ನು ಹೇಗೆ ಓದಬೇಕು ಎಂಬುದು ಬೇರೆಯೇ ಪ್ರಶ್ನೆ, ಮತ್ತು ಸ್ವಾಮಿ ತೀರ್ಪೇ ಅಲ್ಲಿ ಒಂದು ಹಿಡಿ ಕೊಟ್ಟಿದೆ. ಮಾನಹಾನಿ ದೂರುಗಳನ್ನು ಎಲ್ಲ ಮಗ್ಗುಲಿನಿಂದಲೂ ಪರಿಶೀಲಿಸುವ ಭಾರವಾದ ಹೊಣೆ ಮ್ಯಾಜಿಸ್ಟ್ರೇಟರ ಮೇಲಿದೆ ಎಂದು ಅದು ಹೇಳಿತು. ವಿನಾಯಿತಿಯ ಹೊಣೆ ಆರೋಪಿಯದು ಎಂಬ ನಿಯಮ ಸಹ್ಯವಾಗುವುದು, ಅದಕ್ಕೆ ಮೊದಲು ಬರುವ ದೂರುದಾರರ ಹೊಣೆಯನ್ನು ನಿಷ್ಠುರವಾಗಿ ವಸೂಲು ಮಾಡಿದಾಗ ಮಾತ್ರ. ನಮ್ಮಲ್ಲಿ ತಪ್ಪುತ್ತಿರುವುದು ಇದೇ.

ಹೇಗೆ ತಪ್ಪುತ್ತಿದೆ? ವಿನಾಯಿತಿ ಅನ್ವಯಿಸುತ್ತದೆಯೇ ಎಂಬುದು ಸಾಕ್ಷ್ಯದ ಪ್ರಶ್ನೆ, ಅದು ವಿಚಾರಣೆಯಲ್ಲೇ ತೀರ್ಮಾನವಾಗಬೇಕು, ಆರಂಭದಲ್ಲೇ ಪ್ರಕರಣ ರದ್ದುಪಡಿಸಬಾರದು ಎಂಬ ತತ್ತ್ವ ಗಟ್ಟಿಯಾಗಿ ಬೇರೂರಿದೆ. ಕರ್ನಾಟಕ ಹೈಕೋರ್ಟ್ ರದ್ದುಪಡಿಸಿದ್ದ ಒಂದು ಮಾನಹಾನಿ ಪ್ರಕರಣಕ್ಕೆ ಸುಪ್ರೀಂ ಕೋರ್ಟ್ 2001ರ ಎಂ.ಎನ್. ದಮಾನಿ ತೀರ್ಪಿನಲ್ಲಿ ಮರುಜೀವ ಕೊಟ್ಟದ್ದು ಇದೇ ಕಾರಣಕ್ಕೆ. ಐಪಿಎಸ್ ಅಧಿಕಾರಿ ಡಿ. ರೂಪಾ ಅವರ ಫೇಸ್‌ಬುಕ್ ಬರಹಗಳ ವಿರುದ್ಧ ಐಎಎಸ್ ಅಧಿಕಾರಿ ರೋಹಿಣಿ ಸಿಂಧೂರಿ ಹೂಡಿದ ಪ್ರಕರಣವನ್ನು ರದ್ದುಪಡಿಸಲು 2023ರ ಆಗಸ್ಟಿನಲ್ಲಿ ಹೈಕೋರ್ಟ್ ನಿರಾಕರಿಸಿದಾಗಲೂ ತರ್ಕ ಬಹುತೇಕ ಇದೇ ಆಗಿತ್ತು. ವಿನಾಯಿತಿಗಳ ಮಟ್ಟಿಗೆ ಈ ತತ್ತ್ವ ಸರಿ. ಸದ್ಭಾವನೆ ಇತ್ತೇ ಇರಲಿಲ್ಲವೇ ಎಂಬುದನ್ನು ಪಾಟೀಸವಾಲಿಲ್ಲದೆ ಹೇಳಲಾಗದು. ಆದರೆ ಈ ತತ್ತ್ವ ತನ್ನ ಎಲ್ಲೆ ದಾಟಿ ದೂರುದಾರರ ಮೂಲಹೊಣೆಯನ್ನೂ ವಿಚಾರಣೆಗೆ ಮುಂದೂಡುವ ನೆಪವಾಗಿಬಿಟ್ಟಿದೆ. ಆರೋಪ ಯಾವುದು, ಯಾರ ಬಗ್ಗೆ, ಯಾರು ಕೇಳಿಸಿಕೊಂಡರು, ದೂರುದಾರರು ನೊಂದ ವ್ಯಕ್ತಿಯೇ ಎಂಬಿವು ಸಮನ್ಸ್‌ಗೆ ಮೊದಲೇ ಉತ್ತರ ಸಿಗಬೇಕಾದ ಪ್ರಶ್ನೆಗಳು. ಇವನ್ನೂ ‘ಆಮೇಲೆ ನೋಡೋಣ’ ಎಂದರೆ ವಾಯಿದೆಯಿಂದ ವಾಯಿದೆಗೆ ಅಲೆಯುವುದೇ ಶಿಕ್ಷೆಯಾಗುತ್ತದೆ. ಬಿಡ್ ಆ್ಯಂಡ್ ಹ್ಯಾಮರ್ ಪ್ರಕರಣದ ಹತ್ತು ವರ್ಷ ಹಾಗೆ ಹೋದದ್ದು. ದೊಡ್ಡ ಪತ್ರಿಕಾ ಸಂಸ್ಥೆಗೆ ವಕೀಲರ ದಂಡಿರುತ್ತದೆ. ಬಡಾವಣೆಯ ಪತ್ರಿಕೆ ನಡೆಸುವವರಿಗೆ, ಕೆರೆಯ ಸರ್ವೆ ನಕ್ಷೆ ಹಿಡಿದು ಓಡಾಡುವ ನಿವೃತ್ತ ನೌಕರರಿಗೆ ಅದಿರುವುದಿಲ್ಲ.

‘ಒಳಗೆ ಹಾಕಿಸುತ್ತೇನೆ’ ಎಂಬ ಬೆದರಿಕೆಯ ಬಗ್ಗೆಯೂ ಇಲ್ಲೊಂದು ಮಾತು ಹೇಳಬೇಕು. ಮಾನಹಾನಿ ಪೊಲೀಸರು ತಾವಾಗಿ ಎಫ್‌ಐಆರ್ ದಾಖಲಿಸಬಹುದಾದ ಅಪರಾಧವಲ್ಲ. ಠಾಣೆಗೆ ಕರೆಸಿ ‘ಮೆಸೇಜ್ ಡಿಲೀಟ್ ಮಾಡಿ, ಕ್ಷಮೆ ಬರೆದುಕೊಡಿ’ ಎನ್ನಲು ಈ ಸೆಕ್ಷನ್ ಯಾರಿಗೂ ಅಧಿಕಾರ ಕೊಟ್ಟಿಲ್ಲ. ನೊಂದವರು ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಕೊಡಬೇಕು, ಪ್ರಮಾಣ ಮಾಡಿ ಹೇಳಿಕೆ ನೀಡಬೇಕು. ಸಾಮಾನ್ಯವಾಗಿ ಮೂರು ವರ್ಷದೊಳಗೆ ಈ ಕೆಲಸ ಆಗಬೇಕು. ಮೊಬೈಲ್ ಸಂದೇಶವನ್ನೇ ನೆಚ್ಚಿದ್ದರೆ ಬರೀ ಸ್ಕ್ರೀನ್‌ಶಾಟ್‌ನ ಮುದ್ರಿತ ಪ್ರತಿ ಸಾಲದು. ಸಾಕ್ಷ್ಯ ಕಾಯ್ದೆ ಕೇಳುವ ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರವೂ ಬೇಕು. ಮೂಲ ಸಾಧನವನ್ನೇ ಹಾಜರುಪಡಿಸದಿದ್ದಾಗ ಅದು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರ ಅರ್ಜುನ್ ಪಂಡಿತ್‌ರಾವ್ ಪ್ರಕರಣದಲ್ಲಿ ಹೇಳಿದೆ.

ಹೊಸ ಕಾರ್ಯವಿಧಾನ ಸಂಹಿತೆ ಈ ಹೊಸ್ತಿಲಲ್ಲಿ ಒಂದು ಮುಖ್ಯ ಬದಲಾವಣೆ ತಂದಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 223ನೇ ಸೆಕ್ಷನ್ ಪ್ರಕಾರ, ಖಾಸಗಿ ದೂರಿನಲ್ಲಿ ಆರೋಪಿಗೆ ತನ್ನ ಮಾತು ಹೇಳುವ ಅವಕಾಶ ಕೊಡದೆ ಮ್ಯಾಜಿಸ್ಟ್ರೇಟ್ ಅಪರಾಧವನ್ನು ಪರಿಗಣನೆಗೆ ತೆಗೆದುಕೊಳ್ಳುವಂತಿಲ್ಲ. ಇದರ ಅರ್ಥವನ್ನು ಮೊದಮೊದಲೇ ಬಿಡಿಸಿ ಹೇಳಿದ್ದು ಕರ್ನಾಟಕ ಹೈಕೋರ್ಟ್, ಅದೂ ಮಾನಹಾನಿ ಪ್ರಕರಣವೊಂದರಲ್ಲೇ. ಸಚಿವ ಶಿವಾನಂದ ಪಾಟೀಲರು ಶಾಸಕ ಬಸನಗೌಡ ಪಾಟೀಲ ಯತ್ನಾಳರ ವಿರುದ್ಧ ಕೊಟ್ಟ ದೂರಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ 2024ರ ಸೆಪ್ಟೆಂಬರ್‌ನಲ್ಲಿ ಕ್ರಮವನ್ನು ಹೀಗೆ ಗೊತ್ತುಪಡಿಸಿದರು: ಮೊದಲು ದೂರುದಾರರ ಮತ್ತು ಸಾಕ್ಷಿಗಳಿದ್ದರೆ ಅವರ ಪ್ರಮಾಣೀಕೃತ ಹೇಳಿಕೆ, ಆಮೇಲೆ ಆ ಹೇಳಿಕೆಗಳನ್ನೂ ದೂರನ್ನೂ ಲಗತ್ತಿಸಿ ಆರೋಪಿಗೆ ನೋಟಿಸ್, ಆರೋಪಿಯ ಮಾತು ಕೇಳಿದ ಮೇಲಷ್ಟೇ ಮುಂದಿನ ಹೆಜ್ಜೆ. ಬರಿಯ ದೂರಿನ ಮೇಲೆ ಮ್ಯಾಜಿಸ್ಟ್ರೇಟ್ ಕಳಿಸಿದ್ದ ನೋಟಿಸನ್ನು ಅವರು ರದ್ದುಪಡಿಸಿ, ಈ ಕ್ರಮದಲ್ಲಿ ಮತ್ತೆ ನಡೆಸುವಂತೆ ಹಿಂದಿರುಗಿಸಿದರು.

ಈ ಅವಕಾಶ ಕಾಟಾಚಾರದ ಹಾಜರಿಯಾಗಿ ಮುಗಿದರೆ ಪ್ರಯೋಜನವಿಲ್ಲ. ಆರೋಪಿಯ ವಕೀಲರು ಆ ದಿನ ‘ನನ್ನ ಕಕ್ಷಿದಾರರು ಹೇಳಿದ್ದು ನಿಜ’ ಎಂದು ವಾದಿಸಲು ಹೊರಟರೆ ಮ್ಯಾಜಿಸ್ಟ್ರೇಟ್ ‘ಅದು ವಿಚಾರಣೆಯ ವಿಷಯ’ ಎನ್ನುತ್ತಾರೆ, ಹಾಗೆ ಅನ್ನುವುದು ತಪ್ಪೂ ಅಲ್ಲ. ಆ ದಿನ ಎತ್ತಬೇಕಾದ ಪ್ರಶ್ನೆಗಳು ಬೇರೆ. ಪ್ರಮಾಣೀಕೃತ ಹೇಳಿಕೆಯಲ್ಲಿ ದೂರುದಾರರನ್ನು ಬಿಟ್ಟು ಇನ್ನಾರ ಮಾತಾದರೂ ಇದೆಯೇ? ಆಕ್ಷೇಪಿಸಿದ ವಾಕ್ಯ ಯಾವುದೆಂದು ದೂರಿನಲ್ಲಿ ಅಕ್ಷರಶಃ ಕೊಟ್ಟಿದ್ದಾರೆಯೇ, ಇಲ್ಲವೇ ಬರಿಯ ಸಾರಾಂಶವೇ? ಆ ವಾಕ್ಯ ಈ ದೂರುದಾರರನ್ನೇ ಕುರಿತದ್ದೆಂದು ಓದುಗರಿಗೆ ಹೇಗೆ ತಿಳಿಯುತ್ತದೆ? ಹಲವರು ಆರೋಪಿಗಳಿದ್ದರೆ ಪ್ರತಿಯೊಬ್ಬರೂ ಮಾಡಿದ್ದೇನೆಂದು ಬೇರೆ ಬೇರೆಯಾಗಿ ಹೇಳಿದೆಯೇ? ಇವುಗಳಲ್ಲಿ ಒಂದಕ್ಕೆ ಉತ್ತರವಿಲ್ಲದಿದ್ದರೂ ದೂರನ್ನು ಅಲ್ಲಿಯೇ ವಜಾ ಮಾಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಬಿಡ್ ಆ್ಯಂಡ್ ಹ್ಯಾಮರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊನೆಯಲ್ಲಿ ಕೇಳಿದ ಪ್ರಶ್ನೆಗಳು ಇವೇ ಬಗೆಯವು. ಅವನ್ನು ಮೊದಲ ದಿನವೇ ಬೆಂಗಳೂರಿನ ನ್ಯಾಯಾಲಯದಲ್ಲಿ ಕೇಳಿಬಿಡಲು ಯಾವ ಕಾನೂನೂ ಅಡ್ಡಿಯಾಗಿರಲಿಲ್ಲ.